ಗಾಜಿನ ಮೂಲೆಯ ಮುದ್ರೆ

— ಬ್ಲೇಡು ತಂದಿದ್ದೀಯೇನೋ? ಮುಂದಿನ ವಾರ ಗೃಹಪ್ರವೇಶ. ಪೇಂಟಿನವರು ಗಾಜಿಗೆಲ್ಲ ಬಣ್ಣ ಸಿಡಿಸಿ ಹೋಗಿದ್ದಾರೆ. ಅಡುಗೆಮನೆ ಕಿಟಕಿಗೆ ಸಿಮೆಂಟು ಬೇರೆ ಮೆತ್ತಿದೆ. ಸ್ಟೀಲ್ ಸ್ಕ್ರಬ್ಬರ್ ತಗೊಂಡು ಉಜ್ಜಿಸಿಬಿಡೋಣ ಅಂತಿದ್ದೆ, ನೀನು ಬರ್ತೀಯ ಅಂತ ಗೊತ್ತಾಗಿ ನಿಲ್ಲಿಸಿದೆ.

— ನಿಲ್ಲಿಸಿದ್ದು ಒಳ್ಳೇದಾಯ್ತು ಚಿಕ್ಕಮ್ಮ. ಬ್ಲೇಡು ಚೀಲದಲ್ಲಿದೆ, ಆಮೇಲೆ ತೆಗೀತೀನಿ. ಮೊದಲು ಮನೆ ಒಂದು ಸುತ್ತು ಹಾಕಿ, ಯಾವ ಕಿಟಕಿಗೆ ಯಾವ ಗಾಜು ಹಾಕಿದ್ದಾರೆ ನೋಡೋಣ.

— ಗಾಜಿನಲ್ಲಿ ಯಾವುದು ಏನು ಬಂತು? ಎಲ್ಲ ಒಂದೇ ಅಂಗಡಿಯಿಂದ ಬಂದದ್ದು.

— ಅಂಗಡಿ ಒಂದೇ ಇರಬಹುದು, ಗಾಜು ನಾಲ್ಕು ಬಗೆ. ಬಚ್ಚಲುಮನೆಯದು ಪಿನ್‌ಹೆಡ್ ಗಾಜು, ಒಂದು ಮೈ ತರಿತರಿ. ಅಲ್ಲಿ ರಬ್ಬರ್ ವೈಪರೂ ಓಡಲ್ಲ, ಬ್ಲೇಡೂ ಓಡಲ್ಲ. ಸೋಪಿನ ನೀರು, ಮೆತ್ತನೆ ಬ್ರಷ್ಷು, ಅಷ್ಟೇ. ಮಲಗೋ ಕೋಣೆಗಳಲ್ಲಿರೋದು ಸಾದಾ ಗಾಜು. ಹಾಲ್‌ನ ಪಶ್ಚಿಮದ ಕಿಟಕಿ ಹಸಿರಾಗಿ ಕನ್ನಡಿ ಥರ ಹೊಳೀತಿದೆಯಲ್ಲ, ಅದು ರಿಫ್ಲೆಕ್ಟಿವ್. ಬಾಲ್ಕನಿಯ ಜಾರುಬಾಗಿಲು ಟಫನ್ಡ್. ಈ ಕೊನೆಯ ಎರಡಕ್ಕೆ ನಾನು ಬ್ಲೇಡು ಮುಟ್ಟಿಸಲ್ಲ.

— ಟಫನ್ಡ್ ಅಂದ್ರೆ ಗಟ್ಟಿ ಗಾಜಲ್ವೇನೋ? ಮಕ್ಕಳು ಬಂದು ಡಿಕ್ಕಿ ಹೊಡೆದ್ರೂ ಏನೂ ಆಗಲ್ಲ ಅಂತ ಹೇಳಿಯೇ ಜಾಸ್ತಿ ದುಡ್ಡು ತಗೊಂಡ್ರು. ಅಂಥದಕ್ಕೆ ಒಂದು ಬ್ಲೇಡು ಏನು ಮಾಡುತ್ತೆ?

— ಒಡೆಯೋದು ಬೇರೆ, ಗೀರು ಬೀಳೋದು ಬೇರೆ. ಟಫನ್ಡ್ ಮಾಡೋದು ಹೇಗೆ ಅಂದ್ರೆ, ಸಾದಾ ಗಾಜನ್ನೇ ಬೇಕಾದ ಅಳತೆಗೆ ಕತ್ತರಿಸಿ, ಅಂಚು ತಿಕ್ಕಿ, ಹಿಡಿ ಕೂರಿಸೋಕೆ ತೂತು ಬೇಕಿದ್ರೆ ಅದನ್ನೂ ಕೊರೆದು, ಕುಲುಮೆಗೆ ಕಳಿಸ್ತಾರೆ. ಸೆರಾಮಿಕ್ ರೋಲರ್‌ಗಳ ಮೇಲೆ ಸಾಗ್ತಾ ಅದು 600 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತೆ. ಹೊರಗೆ ಬಂದ ತಕ್ಷಣ ಎರಡೂ ಮೈಗೆ ಜೋರಾಗಿ ಗಾಳಿ ಊದಿ ತಣಿಸ್ತಾರೆ. ಮೇಲ್ಮೈ ಮೊದಲು ತಣಿದು ಗಟ್ಟಿಯಾಗುತ್ತೆ. ಒಳಗಿನದು ನಿಧಾನಕ್ಕೆ ತಣಿದು ಕುಗ್ಗುವಾಗ ಮೇಲ್ಮೈಯನ್ನು ಬಿಗಿದು ಹಿಡಿಯುತ್ತೆ. ಆ ಬಿಗಿತದಿಂದಲೇ ಅದಕ್ಕೆ ಬಲ. ಒಡೆದಾಗ ಚೂರಿಯಂಥ ತುಂಡಾಗದೆ ಸಣ್ಣ ಹರಳಾಗಿ ಉದುರೋದೂ ಅದರಿಂದಲೇ. ಆದರೆ ಮೇಲ್ಮೈಯ ಗಡಸುತನ ಹೆಚ್ಚುಕಡಿಮೆ ಸಾದಾ ಗಾಜಿನದೇ. ಸಾದಾ ಗಾಜಿಗೆ ಯಾವುದು ಗೀರು ಹಾಕುತ್ತೋ ಇದಕ್ಕೂ ಅದು ಹಾಕುತ್ತೆ.

— ಹಾಗಾದ್ರೆ ಎರಡೂ ಒಂದೇ ಆಯ್ತಲ್ಲ. ಮಲಗೋ ಕೋಣೆ ಕಿಟಕಿಗೆ ಬ್ಲೇಡು ಹಾಕಬಹುದು, ಬಾಲ್ಕನಿಗೆ ಬೇಡ ಅನ್ನೋದು ಯಾಕೆ?

— ಕತ್ತರಿಸುವಾಗ, ಅಂಚು ತಿಕ್ಕುವಾಗ ಗಾಜಿನ ನುಣ್ಣನೆ ಪುಡಿ ಏಳುತ್ತಲ್ಲ, ಕುಲುಮೆಗೆ ಹಾಕುವ ಮುಂಚೆ ಅದನ್ನ ಚೆನ್ನಾಗಿ ತೊಳೀಬೇಕು. ತೊಳೆಯೋ ನೀರು ಕೊಳೆಯಾಗಿದ್ರೆ, ರೋಲರ್ ಮೇಲೆ ಪುಡಿ ಕೂತಿದ್ರೆ, ಆ ಬಿಸಿಗೆ ಪುಡಿ ಗಾಜಿನ ಮೈಗೇ ಬೆಸೆದುಕೊಳ್ಳುತ್ತೆ. ಕಣ್ಣಿಗೆ ಕಾಣಲ್ಲ. ಕೈಯಾಡಿಸಿದ್ರೂ ಬಹಳ ಸಲ ಗೊತ್ತಾಗಲ್ಲ. ಆದರೆ ಬ್ಲೇಡು ಅದರ ಮೇಲೆ ಹೋದಾಗ ಒಂದೊಂದೇ ಕಣವನ್ನು ಕಿತ್ತು, ಅಂಚಿಗೆ ಸಿಕ್ಕಿಸಿಕೊಂಡು ಮುಂದಕ್ಕೆ ಎಳೆದುಕೊಂಡು ಹೋಗುತ್ತೆ. ಗೀರು ಹಾಕೋದು ಉಕ್ಕಲ್ಲ ಚಿಕ್ಕಮ್ಮ, ಆ ಕಿತ್ತ ಗಾಜಿನ ಕಣ. ಕೆಲಸ ಮಾಡುವಾಗ ನೀರಿರುತ್ತೆ, ಏನೂ ಕಾಣಲ್ಲ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಮೇಲಿಂದ ಕೆಳಗಿನವರೆಗೆ ಕೂದಲೆಳೆಯಂಥ ಗೆರೆಗಳು.

— ಅಯ್ಯೋ. ಅದನ್ನ ಅಳಿಸೋಕೆ ಆಗಲ್ವಾ?

— ಸೀರಿಯಂ ಆಕ್ಸೈಡ್ ಅಂತ ಒಂದು ಪುಡಿ ಬರುತ್ತೆ, ಅದನ್ನ ಕಲಸಿ ಮೆಷಿನ್ ಹಿಡಿದು ಉಜ್ಜಿ ತೆಗೀತಾರೆ. ತೆಳು ಗೀರಿಗೆ ಸರಿ. ಆಳದ್ದಾದ್ರೆ ಉಜ್ಜಿದ ಜಾಗ ತಗ್ಗಾಗಿ, ಆಚೆ ಕಾಣೋ ಮರ ಕಟ್ಟಡ ಎಲ್ಲ ಅಲ್ಲಿ ಸೊಟ್ಟಗೆ ಕಾಣುತ್ತೆ. ಆಮೇಲೆ ಗಾಜು ಬದಲಾಯಿಸೋದೊಂದೇ ದಾರಿ. ಅಮೆರಿಕದಲ್ಲಿ ಕಿಟಕಿ ತೊಳೆಯುವವರಿಗೂ ಗಾಜು ಮಾಡುವವರಿಗೂ ಈ ವಿಷಯದಲ್ಲಿ ಬಹಳ ವರ್ಷಗಳಿಂದ ಜಗಳ ನಡೆದಿದೆ. ಲೋಹದ ಬ್ಲೇಡು ಮುಟ್ಟಿಸಲೇಬೇಡಿ ಅಂತ ಗಾಜಿನವರು ಹೇಳ್ತಾರೆ. ನಿಮ್ಮ ಕುಲುಮೆಯ ಕೊಳೆಗೆ ನಾವು ಯಾಕೆ ಹೊಣೆ ಅಂತ ತೊಳೆಯುವವರು ಕೇಳ್ತಾರೆ. ಹೊಸ ಕಟ್ಟಡದ ಗಾಜು ಕೆರೆಯುವ ಮುಂಚೆ, ಗೀರು ಬಿದ್ದರೆ ನಾವು ಹೊಣೆಯಲ್ಲ ಅಂತ ಮಾಲೀಕರ ಸಹಿ ತಗೊಳ್ಳೋರು ಅಲ್ಲಿ ಬಹಳ ಜನ. ನಮ್ಮಲ್ಲಿ ಅಂಥ ಕಾಗದ ಯಾರು ಕೇಳ್ತಾರೆ? ಗಾಜು ಮಾಡಿದವನು ಹೋದ, ಕೂರಿಸಿದವನು ಹೋದ, ಪೇಂಟಿನವನೂ ಹೋದ. ಕೊನೆಗೆ ಬಕೆಟ್ ಹಿಡ್ಕೊಂಡು ಬಂದವನ ಕೂಲಿಯಲ್ಲಿ ಗಾಜಿನ ದುಡ್ಡು ಹಿಡೀತಾರೆ. ಇದು ನನಗೆ ಸಹಿಸೋಕೆ ಆಗದ ಮಾತು.

— ಸರಿಯಪ್ಪ. ಈಗ ಟಫನ್ಡ್ ಅಂತ ನಿನಗೆ ಗೊತ್ತಾಗಿದ್ದು ಹೇಗೆ? ನೋಡೋಕೆ ಎಲ್ಲ ಒಂದೇ ಥರ ಇದೆ.

— ಬಾಗಿಲಿನ ಕೆಳಗಿನ ಮೂಲೆ ನೋಡಿ. ಉಗುರಗಲದ ಮುದ್ರೆ ಇದೆ: ಕಂಪನಿ ಹೆಸರು, ಐಎಸ್ಐ ಗುರುತು, ಐಎಸ್ 2553 ಅಂತ ಸಂಖ್ಯೆ. ಅದು ಸೇಫ್ಟಿ ಗಾಜಿನ ಮಾನಕ. ಕಾರಿನ ಗಾಜಿನ ಮೇಲೂ ಅದೇ ಸಂಖ್ಯೆ ನೋಡಿರ್ತೀರಿ. ಮುದ್ರೆ ಕಂಡರೆ ಬ್ಲೇಡು ಚೀಲದೊಳಗೆ. ರಿಫ್ಲೆಕ್ಟಿವ್ ಗಾಜಿನ ಕತೆ ಬೇರೆ. ಅದರ ಒಂದು ಮೈಗೆ ಲೋಹದ ಆಕ್ಸೈಡಿನ ಪೊರೆ ಇರುತ್ತೆ. ಪೊರೆ ಯಾವ ಕಡೆ ಅಂತ ತಿಳಿಯೋಕೆ ಪೆನ್ನಿನ ತುದಿ ಗಾಜಿಗೆ ತಾಗಿಸಿ ನೋಡಿ. ತುದಿಯೂ ಅದರ ಪ್ರತಿಬಿಂಬವೂ ಕೂಡಿದ್ರೆ ಪೊರೆ ಈ ಕಡೆ, ನಡುವೆ ಸಂದಿ ಕಂಡರೆ ಆ ಕಡೆ. ಪೊರೆ ಇರೋ ಮೈಗೆ ಬ್ಲೇಡೂ ಬೇಡ, ಸ್ಕ್ರಬ್ಬರೂ ಬೇಡ, ಪುಡಿಯೂ ಬೇಡ. ಬಿಸಿಲು ತಡೆಯೋಕೆ ಸನ್ ಫಿಲ್ಮ್ ಅಂಟಿಸಿರ್ತಾರಲ್ಲ, ಅದು ಪ್ಲಾಸ್ಟಿಕ್ ಹಾಳೆ. ಬ್ಲೇಡು ಅದನ್ನ ಸೀದಾ ಕೊಯ್ದುಬಿಡುತ್ತೆ.

— ಬಾಲ್ಕನಿ ಬಾಗಿಲಿನ ಬಣ್ಣ ಹಾಗೇ ಬಿಡೋದಾ ಮತ್ತೆ?

— ನೆನೆಸೋಣ. ಗೋಡೆಯ ಬಣ್ಣ ಇವತ್ತಿನವು ಬಹುತೇಕ ನೀರಿನಲ್ಲಿ ಕಲೆಸೋವು. ಒದ್ದೆ ಬಟ್ಟೆ ಗಾಜಿಗೆ ಮೆತ್ತಿ ಹದಿನೈದಿಪ್ಪತ್ತು ನಿಮಿಷ ಬಿಟ್ರೆ ಮೆತ್ತಗಾಗುತ್ತೆ. ಉಗುರಿನಲ್ಲಿ, ಪ್ಲಾಸ್ಟಿಕ್ ಪಟ್ಟಿಯಲ್ಲಿ ಎಬ್ಬಿಸಬಹುದು. ಬಾಗಿಲು ಕಿಟಕಿ ಗ್ರಿಲ್ಲಿಗೆ ಹೊಡೆಯೋ ಆಯಿಲ್ ಪೇಂಟಾದ್ರೆ ಬಟ್ಟೆಗೆ ಚೂರು ಥಿನ್ನರ್ ಹಾಕಿ ಆ ಚುಕ್ಕೆಯಷ್ಟಕ್ಕೇ ಒತ್ತಿ ಹಿಡೀಬೇಕು. ಕಿಟಕಿ ತೆರೆದಿರಬೇಕು, ಒಲೆ ಹಚ್ಚಿರಬಾರದು. ಪಕ್ಕದ ರಬ್ಬರ್ ಪಟ್ಟಿಗೂ ಯುಪಿವಿಸಿ ಫ್ರೇಮಿಗೂ ಥಿನ್ನರ್ ತಾಗಬಾರದು. ಹೊತ್ತು ಹಿಡಿಯುತ್ತೆ, ಹಿಡೀಲಿ.

— ಸಾದಾ ಗಾಜಿಗಾದ್ರೂ ಈಗ ಬ್ಲೇಡು ತೆಗಿ. ನಾನೂ ಕಲೀತೀನಿ. ನಿಮ್ಮ ಚಿಕ್ಕಪ್ಪನ ಶೇವಿಂಗ್ ಬ್ಲೇಡು ಅರ್ಧ ಮುರಿದು ಕೆರೆಯೋದು ನನಗೆ ಗೊತ್ತು.

— ಅದು ಬೇಡವೇ ಬೇಡ. ಶೇವಿಂಗ್ ಬ್ಲೇಡು ತೆಳು, ಒತ್ತಿದ್ರೆ ಬಾಗುತ್ತೆ, ಮೂಲೆ ಗಾಜಿಗೆ ಚುಚ್ಚುತ್ತೆ, ಮುರಿದ್ರೆ ಬೆರಳಿಗೆ. ಇದು ನೋಡಿ, ಸ್ಕ್ರೇಪರ್. ಒಂದೂವರೆ ಇಂಚಿಂದು ಚುಕ್ಕೆಗೆ, ನಾಲ್ಕಿಂಚಿಂದು, ಆರಿಂಚಿಂದು ಅಗಲ ಗಾಜಿಗೆ. ಹಿಡಿ ಇರೋದರಿಂದ ಇಡೀ ಅಂಚು ಒಂದೇ ಸಮ ಗಾಜಿಗೆ ಕೂರುತ್ತೆ. ಮೊದಲು ಮೆತ್ತನೆ ಬ್ರಷ್ಷಿನಲ್ಲಿ ಧೂಳು ಕೆಡವಬೇಕು. ನಮ್ಮ ಧೂಳಿನಲ್ಲಿ ಮರಳಿನ ಕಣ ಇರುತ್ತೆ, ಬೆಣಚುಕಲ್ಲಿನದು. ಗಡಸುತನ ಅಳೆಯೋ ಮೋಸ್ ಅಳತೆಯಲ್ಲಿ ಅದು 7, ಗಾಜು ಸುಮಾರು ಐದೂವರೆ. ಒಣಬಟ್ಟೆಯಲ್ಲಿ ಧೂಳು ಒರೆಸಿದ್ರೂ ಗಾಜಿಗೆ ಗೀರು ಬೀಳೋದು ಅದಕ್ಕೇ. ಆಮೇಲೆ ಗಾಜು ಪೂರ್ತಿ ಸೋಪಿನ ನೀರಿನಲ್ಲಿ ತೋಯಬೇಕು. ಒಣಗಿದ ಗಾಜಿಗೆ ಬ್ಲೇಡು ಯಾವತ್ತೂ ಇಡಬಾರದು.

— ಹೀಗೆ ಹಿಂದಕ್ಕೂ ಮುಂದಕ್ಕೂ ಆಡಿಸೋದಾ?

— ನಿಲ್ಲಿ, ನಿಲ್ಲಿ. ಮುಂದಕ್ಕೆ ಮಾತ್ರ. ಓರೆಯಾಗಿ ತಗ್ಗಿಸಿ ಹಿಡಿದು, ಮುಂದಕ್ಕೆ ತಳ್ಳಿ, ಗಾಜಿನಿಂದ ಎತ್ತಿ, ಮತ್ತೆ ಮೊದಲಿನ ಜಾಗಕ್ಕೆ ತಂದು ತಳ್ಳಬೇಕು. ಹಿಂದಕ್ಕೆ ಎಳೆದ್ರೆ ಈಗ ತಾನೇ ಕಿತ್ತ ಸಿಮೆಂಟಿನ ಪುಡಿ ಬ್ಲೇಡಿನ ಅಡಿಗೆ ಸಿಕ್ಕಿ ಗಾಜಿನ ಮೇಲೆ ಉಜ್ಜುತ್ತೆ. ಮೊದಲು ಒಂದು ಮೂಲೆಯಲ್ಲಿ ಇಷ್ಟೇ ಇಷ್ಟು ತಳ್ಳಿ ಕಿವಿಗೊಡಿ. ಸಾದಾ ಗಾಜಿನ ಮೇಲೆ ಬ್ಲೇಡು ಸದ್ದಿಲ್ಲದೆ ಜಾರುತ್ತೆ. ಮರಳಿನ ಮೇಲೆ ಹೋದ ಹಾಗೆ ಕರಕರ ಅಂದ್ರೆ ಅಲ್ಲಿಗೇ ನಿಲ್ಲಿಸಿಬಿಡಿ. ಮುದ್ರೆ ಇಲ್ಲದ ಗಾಜಿಗೂ ಈ ಪರೀಕ್ಷೆ ತಪ್ಪಿಸಬಾರದು, ಯಾಕಂದ್ರೆ ಮುದ್ರೆ ಕೆಲವು ಸಲ ಫ್ರೇಮಿನೊಳಗೆ ಮುಚ್ಚಿಹೋಗಿರುತ್ತೆ.

— ಜಾರ್ತಿದೆ, ಜಾರ್ತಿದೆ. ಎಷ್ಟು ಸಲೀಸಾಗಿ ಬಂತು ನೋಡು! ಶಕ್ತಿ ಹಾಕಬೇಕು ಅಂದುಕೊಂಡಿದ್ದೆ.

— ಶಕ್ತಿ ಹಾಕಬೇಕು ಅನ್ನಿಸಿದ್ರೆ ಒಂದೋ ಬ್ಲೇಡು ಮೊಂಡಾಗಿದೆ, ಇಲ್ಲ ಗಾಜು ಇನ್ನೂ ನೆಂದಿಲ್ಲ. ಕೆಲಸ ಮುಗಿದ ಮೇಲೆ ಬ್ಲೇಡು ಒರೆಸಿ ಒಣಗಿಸಿಡಿ. ಕಾರ್ಬನ್ ಸ್ಟೀಲಿನದಾದ್ರೆ ಒದ್ದೆ ಇಟ್ಟ ರಾತ್ರಿಯೇ ತುಕ್ಕು ಹಿಡಿಯುತ್ತೆ. ತುಕ್ಕಿನ ಬ್ಲೇಡನ್ನ ಎಸೀಬೇಕು, ಎಸೆಯುವಾಗ ಅಂಚಿಗೆ ದಪ್ಪ ಟೇಪು ಸುತ್ತಿ ಎಸೀಬೇಕು. ಕಸ ಬೇರ್ಪಡಿಸೋ ಪೌರಕಾರ್ಮಿಕರ ಕೈ ನೆನಪಿರಲಿ.

— ಅಡುಗೆಮನೆಯ ಸಿಮೆಂಟು?

— ಅದಕ್ಕೆ ಇವತ್ತೇ ಕೈ ಹಚ್ಚೋಣ, ನಾಳೆಗೆ ಬಿಡಬಾರದು. ಸಿಮೆಂಟಿನ ನೀರು ಕ್ಷಾರ, ಸುಣ್ಣದ ತಿಳಿಯಂಥದ್ದು. ತಿಂಗಳುಗಟ್ಟಲೆ ಹಾಗೇ ಬಿಟ್ರೆ ಗಾಜಿನ ಮೈಯನ್ನೇ ತಿನ್ನುತ್ತೆ. ಆಮೇಲೆ ಚುಕ್ಕೆ ಕಿತ್ತರೂ ಅದರ ಬಿಳಿ ನೆರಳು ಉಳಿಯುತ್ತೆ. ಇದು ಹೊಸದು, ಸಾದಾ ಗಾಜು. ವಿನೆಗರಿನಲ್ಲಿ ಅದ್ದಿದ ಬಟ್ಟೆ ಇಟ್ಟು ನೆನೆಸಿ ಎಬ್ಬಿಸಬಹುದು. ಬಾತ್‌ರೂಮ್ ತೊಳೆಯೋ ಆಸಿಡ್ ಮಾತ್ರ ಯಾರೇ ಹೇಳಿದ್ರೂ ಹಾಕಬೇಡಿ. ಅಲ್ಯುಮಿನಿಯಂ ಫ್ರೇಮು ಕಪ್ಪಾಗಿ ತಿಂದುಹೋಗುತ್ತೆ, ಹೊಗೆ ಎದೆಗೆ ಇಳಿಯುತ್ತೆ.

— ಕೆರೆದದ್ದಾಯ್ತು. ಈಗ ತೊಳೆಯೋದು. ನ್ಯೂಸ್ ಪೇಪರ್ ಒಟ್ಟು ಮಾಡಿಟ್ಟಿದ್ದೀನಿ. ನಮ್ಮಮ್ಮ ಲಾಟೀನಿನ ಬುರುಡೆಗೆ ಬೂದಿ ಹಾಕಿ ಒರೆಸಿ, ಕಾಗದದಲ್ಲಿ ತಿಕ್ಕಿದ್ರೆ ಅದು ಇದೆಯೋ ಇಲ್ವೋ ಅನ್ನೋ ಹಾಗೆ ಹೊಳೀತಿತ್ತು. ಅದನ್ನ ತಪ್ಪು ಅಂತೀಯ?

— ತಪ್ಪಲ್ಲ. ಬುರುಡೆಗೆ ಹಿಡಿದದ್ದು ಎಣ್ಣೆಹೊಗೆಯ ಮಸಿ, ಜರಡಿ ಹಿಡಿದ ಬೂದಿ ಅದನ್ನ ಚೆನ್ನಾಗಿ ಎತ್ತುತ್ತೆ. ಕಾಗದ ಕನ್ನಡಿಗೂ ಸೈ, ನೂಲು ಬಿಡಲ್ಲ. ಆದರೆ ಕಿಟಕಿಯದು ರಸ್ತೆಯ ಧೂಳು, ಅಗಲವೂ ಜಾಸ್ತಿ. ಕಾಗದವಾಗಲಿ ಬಟ್ಟೆಯಾಗಲಿ ಕೊಳೆಯನ್ನು ಈ ಕಡೆಯಿಂದ ಆ ಕಡೆಗೆ ಸರಿಸಿ, ತೆಳ್ಳಗೆ ಸವರಿ ಒಣಗೋಕೆ ಬಿಡುತ್ತೆ. ಮಾರನೇ ದಿನ ಕಾಣೋ ಗೆರೆ ಅದೇ. ರಬ್ಬರ್ ಅಂಚು ಹಾಗಲ್ಲ, ನೀರನ್ನು ಕೊಳೆಯ ಸಮೇತ ಗಾಜಿನಿಂದ ಪೂರ್ತಿ ಆಚೆಗೆ ತಳ್ಳುತ್ತೆ.

— ವೈಪರ್ ತಾನೇ? ನೆಲ ಒರೆಸೋದು ಮನೆಯಲ್ಲೇ ಇದೆ.

— ನೆಲದ್ದಕ್ಕೆ ದಪ್ಪ ರಬ್ಬರು, ಗಾಜಿಗೆ ಅದು ಕೂರಲ್ಲ. ಇದನ್ನ ನಮ್ಮ ಕೆಲಸದವರು ಸ್ಕ್ವೀಜಿ ಅಂತಾರೆ. ನಿಮ್ಮ ಕಿಟಕಿಗೆ ಹತ್ತಿಂಚಿಂದು, ಬಾಲ್ಕನಿಗೆ ಹದಿನಾಲ್ಕಿಂಚಿಂದು ಸಾಕು. ಹಿಂದೆ ಅಮೆರಿಕದಲ್ಲಿ ಶಿಕಾಗೋ ಸ್ಕ್ವೀಜಿ ಅಂತಿತ್ತು: ಉಕ್ಕಿನದು, ಬಲು ಭಾರ, ಎರಡು ರಬ್ಬರ್ ಪಟ್ಟಿ, ಬದಲಾಯಿಸೋಕೆ ಸಾಲುಸಾಲು ಸ್ಕ್ರೂ ಬಿಚ್ಚಬೇಕು. ಇಟಲಿಯಿಂದ ಹೋಗಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ ಕಿಟಕಿ ತೊಳೀತಿದ್ದ ಎತ್ತೋರೆ ಸ್ಟೆಕೋನೆ ಅನ್ನೋವ್ರು ಹಗುರಾದ ಹಿತ್ತಾಳೆ ಹಿಡಿ, ಒಂದೇ ರಬ್ಬರ್ ಪಟ್ಟಿ ಇರೋದನ್ನ ಮಾಡಿ 1930ರ ದಶಕದಲ್ಲಿ ಪೇಟೆಂಟ್ ಪಡೆದ್ರು. ಇವತ್ತಿನ ಸ್ಕ್ವೀಜಿಗಳೆಲ್ಲ ಹೆಚ್ಚುಕಡಿಮೆ ಅದೇ ಮಾದರಿ. ದಿನವಿಡೀ ತೋಳೆತ್ತಿ ದುಡಿದವರು ಮಾಡಿದ ಹತ್ಯಾರು ಅಂತ ಕೈಗೆ ತಗೊಂಡ ತಕ್ಷಣ ತಿಳಿಯುತ್ತೆ. ಅದಕ್ಕೇ ನನಗೆ ಇದರ ಮೇಲೆ ಪ್ರೀತಿ.

— ತಗೋ, ತೋರಿಸು.

— ಬಕೆಟ್ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ನಾಲ್ಕೈದು ಹನಿ. ಜಾಸ್ತಿ ಹಾಕಿದ್ರೆ ನೊರೆ ಗಾಜಿಗೆ ಅಂಟಿಕೊಳ್ಳುತ್ತೆ. ಈ ಬಟ್ಟೆ ತೊಡಿಸಿದ ಕೋಲಿನಲ್ಲಿ ಗಾಜು ಉಜ್ಜಿ, ಅಂಚು ಮೂಲೆ ಬಿಡದೆ. ಈಗ ಮೇಲಿನ ಅಂಚನ್ನು ಒಣಬಟ್ಟೆಯಲ್ಲಿ ಎರಡು ಬೆರಳಗಲ ಒರೆಸಿಕೊಳ್ಳಿ. ರಬ್ಬರ್ ಒಣಜಾಗದಿಂದ ಹೊರಟ್ರೆ ನೀರು ಹಿಂದಕ್ಕೆ ನುಗ್ಗಲ್ಲ. ಮೇಲಿಂದ ಕೆಳಕ್ಕೆ ಒಂದೇ ಎಳೆತ, ನಡುವೆ ನಿಲ್ಲಿಸಬಾರದು. ಕೆಳಗೆ ಬಂದ ಮೇಲೆ ರಬ್ಬರ್ ಒರೆಸಿ, ಎರಡನೇ ಎಳೆತ ಮೊದಲಿನದರ ಮೇಲೆ ಚೂರು ಹತ್ತಿರಬೇಕು. ಹಾವಿನ ಥರ ತಿರುಗಿಸಿ ಒಂದೇ ಸಲಕ್ಕೆ ಎಳೆಯೋದು ಅಭ್ಯಾಸ ಆದವರಿಗೆ. ಗೆರೆ ಉಳೀತಿದ್ರೆ ನಿಮ್ಮ ಕೈ ದೂರಬೇಡಿ, ರಬ್ಬರಿನ ಅಂಚು ನೋಡಿ. ಮೊಂಡಾಗಿದ್ರೆ ತಿರುವಿ ಹಾಕಿ, ಎರಡೂ ಕಡೆ ಸವೆದಿದ್ರೆ ಹೊಸ ಪಟ್ಟಿ. ಬಿಸಿಲು ನೇರ ಬಿದ್ದ ಗಾಜು ತೊಳೀಬಾರದು, ನೀರು ಎಳೆಯೋದರೊಳಗೇ ಆರಿಹೋಗುತ್ತೆ. ಪಶ್ಚಿಮದ್ದನ್ನ ಬೆಳಿಗ್ಗೆ ಮುಗಿಸಿ.

— ನಮ್ಮದು ಬೋರ್‌ವೆಲ್ಲು, ಬೇಸಿಗೆಯಲ್ಲಿ ಟ್ಯಾಂಕರ್. ನಲ್ಲಿ ಮೇಲೆಲ್ಲ ಬಿಳಿ ಪದರ ಕಟ್ಟುತ್ತೆ. ಆ ನೀರಿನಲ್ಲಿ ಗಾಜು ತೊಳೆದ್ರೆ ಮತ್ತೆ ಕಲೆ ಆಗಲ್ವಾ?

— ಕುಡಿಯೋ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ರೆ 600ರವರೆಗೆ ಅಂತ ಐಎಸ್ 10500 ಹೇಳುತ್ತೆ. ಬೋರಿನ ನೀರು ಎಷ್ಟೋ ಕಡೆ ಇದನ್ನ ಮುಟ್ಟುತ್ತೆ, ದಾಟುತ್ತೆ. ಆದರೆ ಕಲೆ ಮಾಡೋದು ಗಾಜಿನ ಮೇಲೆ ಕೂತು ಆರೋ ಹನಿ. ನೀರು ಆವಿಯಾಗುತ್ತೆ, ಸುಣ್ಣದ ಅಂಶ ಉಳಿಯುತ್ತೆ. ಸ್ಕ್ವೀಜಿ ಹನಿಯನ್ನೇ ಉಳಿಸಲ್ಲವಲ್ಲ, ಹಾಗಾಗಿ ನಿಮ್ಮ ಬೋರಿನ ನೀರೇ ಸಾಕು. ಬಾಲ್ಕನಿ ಗಿಡಕ್ಕೆ ಪೈಪು ಬಿಡುವಾಗ ಗಾಜಿಗೆ ಸಿಡಿಯುತ್ತಲ್ಲ, ಅದನ್ನ ಮಾತ್ರ ಆಗಾಗ ಒರೆಸಿ. ಹಳೇ ಬಿಳಿ ಕಲೆಗೆ ನಿಂಬೆ ಉಪ್ಪು ಕದಡಿದ ನೀರು ಹಚ್ಚಿ, ಸ್ವಲ್ಪ ಬಿಟ್ಟು, ತೊಳೆದು ಎಳೀರಿ. ಗ್ರಾನೈಟ್ ಆದ್ರೆ ಚಿಂತೆಯಿಲ್ಲ, ಕಿಟಕಿ ಕಟ್ಟೆಗೆ ಮಾರ್ಬಲ್ ಹಾಕಿಸಿದ್ರೆ ಅದರ ಮೇಲೆ ಬೀಳದ ಹಾಗೆ ನೋಡ್ಕೊಳ್ಳಿ.

— ಒಳಗಡೆದು ಆಯ್ತು. ಮಲಗೋ ಕೋಣೆ ಕಿಟಕಿಯ ಹೊರಗಡೆ ಮೈ ಹೇಗೋ? ಸಜ್ಜಾ ಇದೆಯಲ್ಲ, ಪಕ್ಕದ ಮನೆಯವರು ಕೆಲಸದವಳನ್ನ ಇಳಿಸಿ ಒರೆಸಿಸ್ತಾರೆ. ನಾಲ್ಕನೇ ಮಹಡಿ, ನನಗೆ ನೋಡೋಕೇ ಕಾಲು ನಡುಗುತ್ತೆ.

— ಆ ಮಾತು ಈ ಮನೆಯಲ್ಲಿ ಬೇಡ ಚಿಕ್ಕಮ್ಮ. ಸಜ್ಜಾ ಇರೋದು ಮಳೆ ಬಿಸಿಲಿಗೆ, ಮನುಷ್ಯರು ನಿಲ್ಲೋಕಲ್ಲ. ಸೋಪಿನ ನೀರು ಬಿದ್ದ ಸಿಮೆಂಟು, ಹಿಡಿಯೋಕೆ ಏನೂ ಇಲ್ಲ. ನಮ್ಮ ಹುಡುಗರು ಹೊರಗೆ ಇಳಿಯುವಾಗ ಮೈಪೂರ್ತಿ ಹಾರ್ನೆಸ್, ಕೂರೋಕೆ ಒಂದು ಹಗ್ಗ, ಕಾಪಾಡೋಕೆ ಬೇರೆಯೇ ಇನ್ನೊಂದು ಹಗ್ಗ, ಎರಡಕ್ಕೂ ಮೇಲೆ ಬೇರೆಬೇರೆ ಕಡೆ ಗಟ್ಟಿ ಕಟ್ಟು. ಅಷ್ಟಾದ ಮೇಲೂ ಗಾಳಿ ಜೋರಿದ್ರೆ ಇಳಿಸಲ್ಲ. ತಿಂಗಳ ಸಂಬಳಕ್ಕೆ ಪಾತ್ರೆ ತೊಳೆಯೋಕೆ ಬಂದ ಹೆಂಗಸನ್ನ ಸೀರೆ ಸೆರಗು ಕಟ್ಟಿಸಿ ಆಚೆ ನಿಲ್ಲಿಸೋದು ಕ್ರೌರ್ಯ. ಅವಳು ಇಲ್ಲ ಅನ್ನೋಕಾಗದ ಜಾಗದಲ್ಲಿದ್ದಾಳೆ, ಅದಕ್ಕೇ ನಾವೇ ಬೇಡ ಅನ್ನಬೇಕು.

— ಮತ್ತೆ ಆ ಗಾಜು ಕೊಳೆಯಾಗೇ ಇರಲಾ?

— ಜಾರುಕಿಟಕಿಯಲ್ಲಿ ಒಂದು ಪಲಕ ಸರಿಸಿ ಕೈ ಹಾಕಿದ್ರೆ ಪಕ್ಕದ ಪಲಕದ ಹೊರಮೈ ಅರ್ಧಕ್ಕಿಂತ ಹೆಚ್ಚು ಸಿಗುತ್ತೆ. ಹಿಡಿ ಮಡಿಸೋ ಸ್ಕ್ವೀಜಿ ಇದೆ, ಕೋಲಿಗೆ ಸಿಕ್ಕಿಸಿ ಒಳಗೇ ನಿಂತು ಎಳೀಬಹುದು. ಕೋಲು ಕೈಜಾರಿ ಕೆಳಗೆ ಹೋಗದ ಹಾಗೆ ಮಣಿಕಟ್ಟಿಗೆ ದಾರ. ಪಲಕ ಎತ್ತಿ ಹಳಿಯಿಂದ ಬಿಚ್ಚೋದು ಬಾಲ್ಕನಿಯಲ್ಲಿ ಮಾತ್ರ, ಅದೂ ಇಬ್ಬರಿದ್ದಾಗ. ಆಚೆ ಏನೂ ಇಲ್ಲದ ಕಿಟಕಿಯಲ್ಲಿ ಬಿಚ್ಚಿದ್ರೆ ಗಾಜು ಕೆಳಗೆ ನಡೆಯೋರ ತಲೆ ಮೇಲೆ. ಕೈಗೆ ಎಟುಕದ ಪಟ್ಟಿ ಉಳಿದ್ರೆ ಉಳೀಲಿ. ಅಪಾರ್ಟ್‌ಮೆಂಟಿನವರು ಎಲ್ಲ ಸೇರಿ ವರ್ಷಕ್ಕೊಮ್ಮೆ ಹಗ್ಗದವರನ್ನ ಕರೆಸಲಿ. ಹಳೇ ಮರದ ಕಿಟಕಿಗಳಲ್ಲಿ ಬಾಗಿಲು ಹೊರಕ್ಕೆ ತೆರೆದು, ಸರಳಿನ ಸಂದಿಯಲ್ಲಿ ಕೈ ತೂರಿಸಿ ಎರಡೂ ಮೈ ಒರೆಸ್ತಿದ್ವಿ. ಈಗ ಮನೆ ನಕ್ಷೆ ಬರೆಯೋರು ಈ ಗಾಜನ್ನ ಯಾರು, ಎಲ್ಲಿ ನಿಂತು ತೊಳೀತಾರೆ ಅಂತ ಒಂದು ಸಲ ಕೇಳಿಕೊಂಡು ಗೆರೆ ಎಳೆದಿದ್ರೆ ನಾವಿಬ್ಬರೂ ಈಗ ಹೀಗೆ ಕಿಟಕಿಯಿಂದ ಬಗ್ಗಿ ನೋಡ್ತಿರಲಿಲ್ಲ.

— ಹೌದು ಕಣೋ. ಗಾಜು ಮಾಡೋನು ತೊಳೆದು ಕುಲುಮೆಗೆ ಹಾಕಿದ್ರೆ, ಪೇಂಟಿನವನು ಗಾಜು ಮುಚ್ಚಿಕೊಂಡಿದ್ರೆ, ನಿನ್ನ ಕೆಲಸ ಅರ್ಧ ಗಂಟೆದು.

— ಪೇಂಟು ಪೂರ್ತಿ ಮುಗಿದಿದೆಯಾ?

— ಎಲ್ಲಿ? ದೇವರಮನೆ, ಹಿಂದಿನ ಕೋಣೆ ಎರಡನೇ ಕೋಟು ನಾಳೆ. ಬಾಲ್ಕನಿ ಸೀಲಿಂಗು ಬಾಕಿ ಇದೆ, ಅದೂ ನಾಳೆಯೇ.

— ಹಾಗಾದ್ರೆ ಮೇಸ್ತ್ರಿಗೆ ಈಗಲೇ ಫೋನ್ ಮಾಡಿ. ಗಾಜಿಗೆಲ್ಲ ತೆಳು ಪ್ಲಾಸ್ಟಿಕ್ ಹಾಳೆ, ಅಂಚಿಗೆ ಮಾಸ್ಕಿಂಗ್ ಟೇಪು. ಕೆಲಸ ಮುಗಿದ ದಿನವೇ ಟೇಪು ತೆಗೀಬೇಕು, ಬಿಸಿಲಿಗೆ ಕಾದ್ರೆ ಅಂಟು ಗಾಜಿಗೇ ಕಚ್ಚಿಕೊಳ್ಳುತ್ತೆ. ಹಾಗೂ ಸಿಡಿದ್ರೆ ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸೋಕೆ ಹೇಳಿ, ಹಸಿ ಇರುವಾಗ ಬೆರಳಿಗೇ ಬರುತ್ತೆ.

— ಹಲೋ... ನಾನು, ನಾಲ್ಕನೇ ಮಹಡಿಯ ಮನೆಯಿಂದ. ನಾಳೆ ಬರುವಾಗ ಪ್ಲಾಸ್ಟಿಕ್ ಹಾಳೆ ತನ್ನಿ, ಮರೀಬೇಡಿ. ದುಡ್ಡು ನಾನು ಕೊಡ್ತೀನಿ. ಕಿಟಕಿಗಳಿಗೆ, ಬಾಲ್ಕನಿ ಬಾಗಿಲಿಗೆ. ಬಾಲ್ಕನಿದಂತೂ ಬ್ಲೇಡು ಹಾಕೋ ಗಾಜಲ್ಲ, ಮೂಲೆಯಲ್ಲಿ ಮುದ್ರೆ ಇದೆ, ಬಂದಾಗ ನಿಮಗೂ ತೋರಿಸ್ತೀನಿ.